ಐಸ್ ಡಬ್ಬಿಯೊಳಗಿನ ಆಕಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ನಾಡಿನವರಿಗೆಲ್ಲ ಕೊಬ್ಬರಿ. ಆ ಕೊಬ್ಬರಿಯ ಹಿಂದೆ ದನ ಇದೆ ಎನ್ನುವುದು ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಪಂಪ್‌ಸೆಟ್ಟು ಬರುವ ಮುಂಚೆ ತೆಂಗಿನ ಸಸಿ ನೀರು ಕಂಡಿದ್ದು ಎತ್ತು ಎಳೆದ ಕಪಿಲೆಯಿಂದ. ಮರದ ಬುಡಕ್ಕೆ ಬಿದ್ದದ್ದು ಕೊಟ್ಟಿಗೆ ಗೊಬ್ಬರ, ಕುರಿ ಮಂದೆಯ ಹಿಕ್ಕೆ. ಅಟ್ಟದಿಂದ ಇಳಿಸಿದ ಕೊಬ್ಬರಿ ಚೀಲ ತಿಪಟೂರು ಸೇರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಎತ್ತು ಮಲಗಿದರೆ ತೋಟ ಒಣಗುತ್ತಿತ್ತು, ಗಾಡಿ ನಿಲ್ಲುತ್ತಿತ್ತು, ರಾಗಿ ಹೊಲ ಬೀಳು ಬೀಳುತ್ತಿತ್ತು.

ನಾನು 1980ರ ದಶಕದ ಆರಂಭದಲ್ಲಿ ಪಶುಸಂಗೋಪನೆ ಇಲಾಖೆ ಸೇರಿ, ಈ ಮೂರು ತಾಲ್ಲೂಕುಗಳ ಗೋ ಆಸ್ಪತ್ರೆಗಳಲ್ಲೇ ಬಹುಪಾಲು ಸೇವೆ ಮುಗಿಸಿದವನು. ಪಶುವೈದ್ಯರ ಕೈಕೆಳಗೆ ಲಸಿಕೆ ಹಾಕುವುದು, ಗಾಯ ತೊಳೆಯುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಆದರೂ ಹಳ್ಳಿಯವರ ಬಾಯಲ್ಲಿ ನಾನು ‘ಡಾಕ್ಟ್ರೇ’. ನಮ್ಮ ಸೀಮೆಯ ದನದ ಚರಿತ್ರೆ ಬರೆದವರು ಅಮೃತಮಹಲಿನ ವೈಭವ ಹೇಳಿ ನಿಲ್ಲಿಸುತ್ತಾರೆ. ಆ ದನಗಳಿಗೆ ಬಂದ ರೋಗದ ಚರಿತ್ರೆಯನ್ನೂ ಯಾರಾದರೂ ಬರೆಯಬೇಕು. ಕಣ್ಣಿಗೆ ಕಾಣದ ಒಂದು ಕಣದ ಹೊರಮೈ ಯಾವ ಆಕಾರದಲ್ಲಿದೆ, ಆ ಆಕಾರ ನಿಂತಿತೋ ಮುರಿಯಿತೋ ಎನ್ನುವುದರ ಮೇಲೆ ನಮ್ಮ ಕೊಟ್ಟಿಗೆಗಳ ಹಣೆಬರಹ ನಿಂತಿತ್ತು, ಈಗಲೂ ನಿಂತಿದೆ.

ಮೊದಲು ದನದ ಮಾತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದು ಶುರುವಾದ ಅರಮನೆಯ ಗೋಮಂದೆ ಹೈದರನ ಕಾಲಕ್ಕೆ ಸೈನ್ಯದ ಬೆನ್ನೆಲುಬಾಯಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟು ಕಟ್ಟುಪಾಡುಗಳನ್ನು ಬರೆಸಿದ. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಆ ಹೋರಿಗಳಿಗೆ ಸಾಟಿ ಇರಲಿಲ್ಲ. 1799ರ ನಂತರ ಮಂದೆ ಇಂಗ್ಲಿಷರ ಕೈಗೆ ಹೋಯಿತು. ಖರ್ಚು ಜಾಸ್ತಿ ಎಂದು 1860ರಲ್ಲಿ ಅದನ್ನು ಮುಚ್ಚಿ, ಎತ್ತುಗಳಿಲ್ಲದೆ ಕೈ ಕಟ್ಟಿದಂತಾಗಿ 1866ರಲ್ಲಿ ಮತ್ತೆ ತೆರೆದರು. ಮಂದೆಗೆಂದು ಬಿಟ್ಟ ಹುಲ್ಲುಗಾವಲು, ಅಂದರೆ ಕಾವಲುಗಳು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಉದ್ದಕ್ಕೂ ಚೆದುರಿದ್ದವು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಹತ್ತಿರ ಹೋದರೆ ಗುರುತಿನ ಗೌಳಿಗನನ್ನು ಬಿಟ್ಟು ಬೇರೆಯವರನ್ನು ಸೇರಿಸುವುದಿಲ್ಲ. ಲಸಿಕೆಯ ದಿನ ಅವುಗಳನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ಅಲ್ಲಿ ಕೆಲಸ ಮಾಡಿದವರನ್ನೇ ಕೇಳಬೇಕು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳನ್ನು ಹಾದುಹೋದಾಗಲೂ ಇದು ತೋಟದ, ಸಂತೆಯ, ದನಕುರಿಯ ಸೀಮೆಯೇ. ಮೇವು ಹುಡುಕಿಕೊಂಡು ಮಂದೆಗಳು ಕಾವಲಿನಿಂದ ಕಾವಲಿಗೆ, ಕೆರೆಯಂಗಳದಿಂದ ಕೆರೆಯಂಗಳಕ್ಕೆ ನಡೆಯುತ್ತಿದ್ದವು. ಅವುಗಳ ಜೊತೆಗೆ ರೋಗವೂ ನಡೆಯಿತು.

ಹಳಬರು ಎರಡು ರೋಗಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಒಂದು ದೊಡ್ಡರೋಗ. ಕಣ್ಣು ಮೂಗು ಸೋರಿ, ಬಾಯಿ ಹುಣ್ಣಾಗಿ, ರಕ್ತಬೇಧಿಯಾಗಿ ವಾರ ಹತ್ತು ದಿನದಲ್ಲಿ ದನ ಸಾಯುತ್ತಿತ್ತು. ಅದು ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಇನ್ನೊಂದು ಕಾಲುಬಾಯಿ ಜ್ವರ. ಇದು ದೊಡ್ಡ ದನವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಕರುಗಳನ್ನು ಕೊಲ್ಲುತ್ತದೆ, ಬದುಕಿದ್ದನ್ನು ಕೆಡಿಸುತ್ತದೆ. ನಾಲಿಗೆಯ ಸಿಪ್ಪೆ ಸುಲಿದು ಜೊಲ್ಲು ಎಳೆ ಎಳೆಯಾಗಿ ಸುರಿಯುತ್ತದೆ. ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಹುಳ ಬೀಳುತ್ತದೆ. ವಾಸಿಯಾದ ಮೇಲೂ ಕೆಲವು ಹಸುಗಳು ಬಿಸಿಲು ಏರಿದರೆ ಏದುಸಿರು ಬಿಡುತ್ತ ನಿಲ್ಲುತ್ತವೆ, ಮೈಮೇಲೆ ಉದ್ದ ಕೂದಲು ಬೆಳೆಯುತ್ತದೆ, ಗಬ್ಬ ನಿಲ್ಲುವುದಿಲ್ಲ.

ರೋಗ ಬಂತೆಂದರೆ ಊರಿನವರು ಸುಮ್ಮನೆ ಕೂರುತ್ತಿರಲಿಲ್ಲ. ಊರಬಾಗಿಲಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ತೋರಣ ಕಟ್ಟಿ, ಮಂತ್ರಿಸಿದ ಯಂತ್ರ ಇಳಿಬಿಟ್ಟು, ದನಗಳನ್ನೆಲ್ಲ ಅದರ ಕೆಳಗೆ ದಾಟಿಸುತ್ತಿದ್ದರು. ಕರುಗಲ್ಲಿಗೆ ನೀರೆರೆದು ಪೂಜೆ ಮಾಡಿ, ಆ ನೀರನ್ನು ದನಗಳ ಮೈಮೇಲೆ ಚಿಮುಕಿಸುತ್ತಿದ್ದರು. ರೋಗದ ಊರಿನ ದನ ನೆರೆಯೂರಿನ ಕಟ್ಟೆಗೆ ನೀರಿಗೆ ಇಳಿಯುವಂತಿರಲಿಲ್ಲ, ಅಲ್ಲಿಂದ ಯಾರೂ ಗಾಡಿ ಕಟ್ಟಿಕೊಂಡು ಬರುವಂತಿರಲಿಲ್ಲ. ನಾನು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವನಲ್ಲ. ತೋರಣದಿಂದ ರೋಗ ನಿಲ್ಲದಿರಬಹುದು. ದನ ಊರು ದಾಟಬಾರದು ಎಂಬ ಕಟ್ಟು ಮಾತ್ರ ಇವತ್ತಿನ ಯಾವ ಪಶುವೈದ್ಯರೂ ಒಪ್ಪುವಂಥದ್ದು. ಮನೆಮದ್ದಿನಲ್ಲೂ ತಿಳಿವಳಿಕೆ ಇತ್ತು. ಬಾಯಿ ನೋವಿನಿಂದ ಮೇವು ಬಿಟ್ಟ ಹಸುವಿಗೆ ತಣ್ಣನೆ ರಾಗಿ ಅಂಬಲಿ ಕುಡಿಸುವುದು, ನಾಲಿಗೆಗೆ ಜೇನು ಸವರುವುದು ನಾನೇ ಕಂಡದ್ದು. ಜೀರಿಗೆ, ಮೆಂತ್ಯ, ಮೆಣಸು, ಅರಿಶಿನ, ಬೆಳ್ಳುಳ್ಳಿ, ಬೆಲ್ಲದ ಜೊತೆ ತೆಂಗಿನಕಾಯಿ ತುರಿ ಸೇರಿಸಿ ಬಾಯಿಗೆ ಹಚ್ಚುವ ಮದ್ದನ್ನು ಈಗ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತಿದೆ. ಹುಣ್ಣು ಮಾಗಲು ಇವೆಲ್ಲ ಸರಿ. ರೋಗ ಬಾರದಂತೆ ತಡೆಯಲು ಸಾಲವು.

ತಡೆಯುವ ಕೆಲಸ ದೊಡ್ಡರೋಗದಿಂದ ಶುರುವಾಯಿತು. 1925ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆದದ್ದೇ ದೊಡ್ಡರೋಗದ ವಿರುದ್ಧ ಸೀರಂ ತಯಾರಿಸಲು. ಇವತ್ತು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದೇ. ದೇಶಮಟ್ಟದ ನಿರ್ಮೂಲನಾ ಕಾರ್ಯಕ್ರಮ 1954ರಲ್ಲಿ ಬಂತು. ಮೊದಲು ಆಡಿನಲ್ಲಿ ಬೆಳೆಸಿ ಪಳಗಿಸಿದ ವೈರಸ್ಸಿನ ಲಸಿಕೆ. ಆಮೇಲೆ ವಾಲ್ಟರ್ ಪ್ಲೋರೈಟ್ ಕೀನ್ಯಾದಲ್ಲಿ ಜೀವಕೋಶಗಳಲ್ಲಿ ಬೆಳೆಸಿ ತಯಾರಿಸಿದ ಲಸಿಕೆ. ದಕ್ಷಿಣದ ರಾಜ್ಯಗಳಲ್ಲಿ ರೋಗ ಕೊನೆಯವರೆಗೂ ಹಟ ಹಿಡಿದು ನಿಂತಿತು. 1995ರ ನಂತರ ಭಾರತದಲ್ಲಿ ಕಾಣಿಸಲಿಲ್ಲ. 2011ರಲ್ಲಿ ಇಡೀ ಭೂಮಿಯಿಂದಲೇ ಹೋಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಅದು. ಕೊಟ್ಟಿಗೆಯಲ್ಲಿ ಬಿದ್ದ ದನ ಎಬ್ಬಿಸಲು ಹೆಣಗಾಡಿದ ಹಿರಿಯ ಸಹೋದ್ಯೋಗಿಗಳಿಗೆ ಆ ಸುದ್ದಿ ಕೇಳಿ ಕಣ್ಣು ತುಂಬಿತು. ನನಗೂ ತುಂಬಿತು.

ಹಾಗಾದರೆ ಕಾಲುಬಾಯಿ ಜ್ವರ ಯಾಕೆ ಹೋಗಲಿಲ್ಲ? ಇದೂ ವೈರಸ್ಸು, ಇದಕ್ಕೂ ಲಸಿಕೆ ಇದೆ. ಪ್ರಾಣಿಗಳಲ್ಲಿ ರೋಗ ತರುವ ವೈರಸ್ ಎಂಬುದೊಂದು ಇದೆ ಎಂದು ಲೋಕಕ್ಕೆ ಮೊದಲು ಗೊತ್ತಾದದ್ದೇ ಇದರಿಂದ. 1897–98ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಲ್ಲಿ ಸೋಸಿ, ಸೋಸಿದ ನೀರೂ ರೋಗ ಹರಡುತ್ತದೆ ಎಂದು ತೋರಿಸಿದ್ದರು. ಅಷ್ಟು ಹಳೆಯ ಪರಿಚಯವಿದ್ದೂ ಕೈಗೆ ಸಿಗದ ವೈರಿ ಇದು. ಕಾರಣ ಹುಡುಕಿದರೆ ಅದರ ಹೊರಮೈಗೇ ಬಂದು ನಿಲ್ಲುತ್ತೇವೆ.

ದೊಡ್ಡರೋಗದ ವೈರಸ್ಸಿನ ಹೊರಮೈಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳು. ಒಂದು ಜೀವಕೋಶವನ್ನು ಹಿಡಿಯಲು, ಇನ್ನೊಂದು ಒಳನುಗ್ಗಲು. ಲೋಕದ ಯಾವ ಮೂಲೆಯ ದೊಡ್ಡರೋಗವಾದರೂ ಒಂದೇ ಲಸಿಕೆಗೆ ಬಗ್ಗುತ್ತಿತ್ತು. ಒಮ್ಮೆ ಹಾಕಿದರೆ ವರ್ಷಗಟ್ಟಲೆ ರಕ್ಷಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ ಅವರು ಆ ಮೊದಲನೆಯ ಪ್ರೋಟೀನನ್ನು ಬಿಡಿಯಾಗಿ ಬೆಳೆಸಿ ಲಸಿಕೆ ಮಾಡಬಹುದೇ ಎಂದು ವರ್ಷಗಟ್ಟಲೆ ದುಡಿದರು. ಕಡಲೆಕಾಯಿ ಗಿಡದಲ್ಲಿ ಆ ಪ್ರೋಟೀನ್ ಹುಟ್ಟುವಂತೆ ಮಾಡಿ, ಅದರ ಸೊಪ್ಪನ್ನು ದನಗಳಿಗೆ ತಿನ್ನಿಸಿ, ರಕ್ತದಲ್ಲಿ ಪ್ರತಿಕಾಯ ಹುಟ್ಟಿದ್ದನ್ನು ಅವರ ತಂಡ 2003ರಲ್ಲಿ ಪ್ರಕಟಿಸಿತು. ಕಡಲೆಕಾಯಿ ಸೊಪ್ಪು ನಮ್ಮ ಸೀಮೆಯ ಎತ್ತಿನ ಮೇವು. ಅದರಲ್ಲೇ ಲಸಿಕೆ ಎಂಬ ಯೋಚನೆ ಓದಿ ನನಗೆ ಬಹಳ ಖುಷಿಯಾಗಿತ್ತು. ಅಷ್ಟು ಹೊತ್ತಿಗೆ ದೊಡ್ಡರೋಗವೇ ಕಾಣೆಯಾಗುತ್ತಿತ್ತು.

ಕಾಲುಬಾಯಿ ವೈರಸ್ಸಿನ ಕಟ್ಟಡ ಬೇರೆ. ಮೂವತ್ತು ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುವಷ್ಟು ಸಣ್ಣದು. ಅದಕ್ಕೆ ಕೊಬ್ಬಿನ ಹೊದಿಕೆ ಇಲ್ಲ, ಬರೀ ಪ್ರೋಟೀನಿನ ಕವಚ. ನಾಲ್ಕು ಬಗೆಯ ಪ್ರೋಟೀನುಗಳು, ಒಂದೊಂದರದ್ದೂ ಅರವತ್ತು ಪ್ರತಿ. ಐದೈದು ಸೇರಿ ಒಂದು ಫಲಕ, ಅಂಥ ಹನ್ನೆರಡು ಫಲಕ ಕೂಡಿದರೆ ಪೂರ್ತಿ ಗೋಳ. ಫಲಕಗಳ ನಡುವಿನ ಬೆಸುಗೆ ಬಹಳ ದುರ್ಬಲ. ಅದು ವೈರಸ್ಸಿಗೆ ಬೇಕಾದ ದೌರ್ಬಲ್ಯವೇ. ಹಸುವಿನ ಜೀವಕೋಶದೊಳಗೆ ಹೋದಮೇಲೆ ಅಲ್ಲಿನ ಸ್ವಲ್ಪ ಹುಳಿಗೆ ಬೆಸುಗೆ ಬಿಟ್ಟು ಕವಚ ಹನ್ನೆರಡು ಹೋಳಾಗುತ್ತದೆ, ಒಳಗಿನ ಆರ್‌ಎನ್‌ಎ ಹೊರಬಂದು ಕೆಲಸ ಶುರುಮಾಡುತ್ತದೆ. ಹುಳಿ ಮಾತ್ರವಲ್ಲ, ಕ್ಷಾರಕ್ಕೂ ಬಿಸಿಗೂ ಅದು ಬಿಚ್ಚಿಕೊಳ್ಳುತ್ತದೆ. ರೋಗ ಬಂದ ಕೊಟ್ಟಿಗೆಯನ್ನು ವಾಷಿಂಗ್ ಸೋಡ ಕರಗಿಸಿದ ನೀರಿನಿಂದ ತೊಳೆಯಿರಿ ಎಂದು ನಾವು ಹೇಳುತ್ತಿದ್ದದ್ದು ಇದಕ್ಕೇ.

ಲಸಿಕೆಯ ಬಾಟಲಿಯಲ್ಲಿರುವುದೂ ಇದೇ ಕಣ, ಕೊಂದದ್ದು. ಆರ್‌ಎನ್‌ಎಯನ್ನು ರಾಸಾಯನಿಕದಿಂದ ನಿಷ್ಕ್ರಿಯ ಮಾಡಿರುತ್ತಾರೆ, ಕವಚವನ್ನು ಇದ್ದ ಹಾಗೆ ಉಳಿಸಿಕೊಳ್ಳಬೇಕು. ಇಡೀ ಕಣವನ್ನು ವಿಜ್ಞಾನಿಗಳು 146ಎಸ್ ಎನ್ನುತ್ತಾರೆ, ಒಡೆದ ಹೋಳನ್ನು 12ಎಸ್. ವೇಗವಾಗಿ ತಿರುಗುವ ಯಂತ್ರದಲ್ಲಿ ಅವು ಎಷ್ಟು ಬೇಗ ತಳಕ್ಕೆ ಇಳಿಯುತ್ತವೆ ಎನ್ನುವ ಅಳತೆ ಅದು. 1980ರ ಸುಮಾರಿಗೆ ಇಂಗ್ಲೆಂಡಿನ ಪಿರ್‌ಬ್ರೈಟ್‌ನಲ್ಲಿ ಎರಡನ್ನೂ ಬೇರೆಬೇರೆ ಚುಚ್ಚಿ ನೋಡಿದರು. ಇಡೀ ಕಣ ಕೊಟ್ಟರೆ ಪ್ರಾಣಿಗೆ ಒಳ್ಳೆಯ ರಕ್ಷಣೆ, ಅಷ್ಟೇ ತೂಕದ ಹೋಳು ಕೊಟ್ಟರೆ ಬಹಳ ಕಡಿಮೆ. ಅದೇ ಪ್ರೋಟೀನು, ಆದರೆ ಆಕಾರವಿಲ್ಲ. ನಮ್ಮ ಕಡೆಯವರಿಗೆ ಇದನ್ನು ನಾನು ಹೀಗೆ ಹೇಳುತ್ತಿದ್ದೆ: ತೆಂಗಿನಕಾಯಿಯನ್ನೇ ನೋಡದವನಿಗೆ ಒಡೆದ ಚಿಪ್ಪಿನ ಒಳಮೈ ತೋರಿಸಿ ಕಳಿಸಿದರೆ, ಮರದ ಮೇಲಿನ ಇಡೀ ಕಾಯಿಯನ್ನು ಅವನು ಗುರುತು ಹಿಡಿದಾನೇ? ಹಸುವಿನ ದೇಹವೂ ಹಾಗೇ. ಹೋಳು ಕಂಡರೆ ಹೋಳಿಗೆ ತಕ್ಕ ಪ್ರತಿಕಾಯ ಮಾಡುತ್ತದೆ. ನಿಜವಾದ ವೈರಸ್ಸು ಬಂದಾಗ ಒಳಮೈ ಒಳಗೇ ಅಡಗಿರುತ್ತದೆ, ಆ ಪ್ರತಿಕಾಯಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಆಕಾರವನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ 1981ರ ಕತೆ ಇದೆ. ಆ ವರ್ಷ ಅಮೆರಿಕದ ವಿಜ್ಞಾನಿಗಳು ಕಾಲುಬಾಯಿ ವೈರಸ್ಸಿನ ವಿಪಿ1 ಎಂಬ ಒಂದೇ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ದನಗಳಿಗೂ ಹಂದಿಗಳಿಗೂ ಕೊಟ್ಟು, ಪ್ರತಿಕಾಯ ಬಂತೆಂದು ಪ್ರಕಟಿಸಿದರು. ವಂಶವಾಹಿ ತಂತ್ರಜ್ಞಾನದಿಂದ ಬಂದ ಮೊದಲ ಲಸಿಕೆಗಳಲ್ಲಿ ಒಂದಾಗುತ್ತದೆ ಎಂದು ಎಲ್ಲೆಡೆ ಮಾತಾಯಿತು. ಮುಂದಿನ ವರ್ಷ ಅದೇ ಪ್ರೋಟೀನಿನ ಇಪ್ಪತ್ತು ಕೊಂಡಿಗಳ, ಅಂದರೆ ಇಪ್ಪತ್ತು ಅಮೈನೋ ಆಮ್ಲಗಳ, ತುಣುಕು ಗಿನಿಯಿಲಿಗಳನ್ನು ಕಾಪಾಡಿತು. ನಾನು ಕೆಲಸಕ್ಕೆ ಸೇರಿದ ಕಾಲ ಅದು. ಇನ್ನು ಐದಾರು ವರ್ಷದಲ್ಲಿ ಕಾಲುಬಾಯಿ ಮುಗಿಯಿತು ಎಂದು ನಮ್ಮ ಹಿರಿಯ ವೈದ್ಯರೊಬ್ಬರು ಬಹಳ ನಂಬಿಕೆಯಿಂದ ಹೇಳಿದ್ದರು. ಅದು ಆಗಲಿಲ್ಲ. ದನಗಳಲ್ಲಿ ಆ ಬಿಡಿ ಪ್ರೋಟೀನು, ತುಣುಕು ಯಾವುದೂ ಇಡೀ ಕಣದ ಲಸಿಕೆಯಷ್ಟು ನೆಚ್ಚಿಕೊಳ್ಳುವಂತೆ ಕೆಲಸ ಮಾಡಲಿಲ್ಲ.

ಯಾಕೆಂದು ತಿಳಿದದ್ದು 1989ರಲ್ಲಿ. ರವೀಂದ್ರ ಆಚಾರ್ಯ, ಡೇವಿಡ್ ಸ್ಟುವರ್ಟ್ ಮತ್ತು ಸಂಗಡಿಗರು ವೈರಸ್ಸನ್ನು ಹರಳುಗಟ್ಟಿಸಿ, ಕ್ಷಕಿರಣ ಹಾಯಿಸಿ, ಅದರ ಒಂದೊಂದು ಪರಮಾಣು ಎಲ್ಲಿದೆ ಎನ್ನುವ ನಕ್ಷೆ ತೆಗೆದರು. ಇತರ ಸಂಬಂಧಿ ವೈರಸ್ಸುಗಳಿಗಿಂತ ಇದರ ಹೊರಮೈ ನುಣುಪು. ಆ ನುಣುಪಿನಿಂದ ವಿಪಿ1ರ ಒಂದು ಕುಣಿಕೆ ಮಾತ್ರ ಹೊರಗೆ ಚಾಚಿಕೊಂಡಿದೆ. ವೈರಸ್ಸು ಜೀವಕೋಶವನ್ನು ಹಿಡಿಯುವುದು ಅದರಿಂದಲೇ. ಆ ಕುಣಿಕೆ ನಕ್ಷೆಯಲ್ಲಿ ಸ್ಪಷ್ಟವಾಗಿ ಮೂಡಲೇ ಇಲ್ಲ. ಒಂದೇ ಭಂಗಿಯಲ್ಲಿ ನಿಲ್ಲದೆ ಅತ್ತಿತ್ತ ತೂಗಾಡುತ್ತಿತ್ತು. 1993ರಲ್ಲಿ ಅದೇ ತಂಡದವರು ಒಂದು ಗಂಧಕದ ಬೆಸುಗೆಯನ್ನು ಬಿಡಿಸಿದಾಗ ಕುಣಿಕೆ ಕವಚದ ಮೇಲೆ ಒರಗಿ ನಿಂತಿತು, ಆಗ ಅದರ ಆಕಾರ ಕಂಡಿತು. ಹಸುವಿನ ದೇಹ ಗುರುತಿಸಬೇಕಾದ ಜಾಗವೇ ಹೀಗೆ ಚಂಚಲ. ಅದನ್ನು ಕಿತ್ತು ಬಿಡಿಯಾಗಿ ತೋರಿಸಿದರೆ ಏನು ಪ್ರಯೋಜನ?

ಈ ಹಾಳೆಗಳನ್ನೆಲ್ಲ ನಾನು ಆಗಲೇ ಓದಿದವನಲ್ಲ. ತರಬೇತಿಗೆಂದು ಹೆಬ್ಬಾಳಕ್ಕೆ ಹೋದಾಗ ಅಲ್ಲಿನ ವಿಜ್ಞಾನಿಗಳು ಹೇಳಿದ್ದನ್ನು ಕೇಳಿ, ಆಮೇಲೆ ಒಂದೊಂದಾಗಿ ಹುಡುಕಿ ತಿಳಿದದ್ದು. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರ ಅಲ್ಲೇ ಇದೆ. ಕಾಲುಬಾಯಿ ಲಸಿಕೆಯ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ. ನನಗೆ ಅಲ್ಲಿ ಒಂದು ವಿಷಯ ಮನಸ್ಸಿಗೆ ಹತ್ತಿತು. ನಮ್ಮ ದೇಶದಲ್ಲಿ ಓಡಾಡುವ ಓ, ಎ, ಏಷ್ಯಾ 1 ಎಂಬ ಮೂರು ಬಗೆಗಳಲ್ಲಿ ಅತಿ ಹೆಚ್ಚು ರೋಗ ತರುವುದು ಓ. ಬಿಸಿಗೆ ಬೇಗ ಬಿಚ್ಚಿಕೊಳ್ಳುವ ಕವಚವೂ ಅದರದ್ದೇ. ಅಂದರೆ ನಮಗೆ ಯಾವುದು ಅತ್ಯಗತ್ಯವೋ ಆ ಲಸಿಕೆಯೇ ಬಾಟಲಿಯಲ್ಲಿ ಮೊದಲು ಕೆಡುವಂಥದ್ದು.

ಅದನ್ನು ತಿಳಿದಮೇಲೆ ಐಸ್ ಡಬ್ಬಿಯನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಬೆಚ್ಚಗಾದರೂ ಕೆಟ್ಟಿತು. ಕೆಟ್ಟ ಬಾಟಲಿ ನೋಡಲು ಒಳ್ಳೆಯ ಬಾಟಲಿಯ ಹಾಗೇ ಇರುತ್ತದೆ. ಅದೇ ಹಾಲಿನಂಥ ಬಿಳುಪು, ಅದೇ ಚೀಟಿ. 1980ರ ದಶಕದಲ್ಲಿ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಒಳಹಳ್ಳಿಗಳಿಗೆ ದಿನಕ್ಕೆ ಎರಡು ಬಸ್ಸು ಬಂದರೆ ಹೆಚ್ಚು. ತಾಲ್ಲೂಕಿನಲ್ಲಿ ಫ್ರಿಜ್ಜು ಇತ್ತು, ಕರೆಂಟು ಇರುತ್ತಿರಲಿಲ್ಲ. ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಐಸ್ ಗಡ್ಡೆ ಕೊಂಡು, ಒಡೆದು, ಥರ್ಮಾಸ್ ಫ್ಲಾಸ್ಕಿನಲ್ಲಿ ತುಂಬಿ, ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಸೈಕಲ್ ಹತ್ತುತ್ತಿದ್ದೆವು. ಬಿಸಿಲು ಏರುವ ಮುಂಚೆ ಮುಗಿಸಬೇಕೆಂದು ಬೆಳಗಿನ ಜಾವಕ್ಕೇ ಹೊರಡುತ್ತಿದ್ದೆವು. ಹಳ್ಳಿಗೆ ಹೋದರೆ ದನ ಆಗಲೇ ಮೇಯಲು ಹೊರಟಿರುತ್ತಿದ್ದವು. ಅವು ಸಂಜೆ ಬರುವವರೆಗೆ ತೋಟದ ನೆರಳಿನಲ್ಲಿ ಡಬ್ಬಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ ಕಾಯಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 37, 38 ಡಿಗ್ರಿ ಮುಟ್ಟುತ್ತದೆ. ಒಮ್ಮೆ ಎರಡು ದಿನ ಕರೆಂಟಿಲ್ಲದ ಫ್ರಿಜ್ಜಿನಿಂದ ಬಂದ ಲಸಿಕೆಯನ್ನು ನಮ್ಮ ವೈದ್ಯರು ಅಷ್ಟನ್ನೂ ಗುಂಡಿ ತೋಡಿಸಿ ಹೂಳಿಸಿದರು. ಅದಕ್ಕಾಗಿ ದಿನಗಟ್ಟಲೆ ಕಾದಿದ್ದ ರೈತರ ಎದುರಿಗೇ. ಅವರು ಮಾಡಿದ್ದು ಸರಿ ಎಂದು ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ಬರೀ ಹೋಳು ತುಂಬಿದ ಬಾಟಲಿ ಚುಚ್ಚಿ, ರಕ್ಷಣೆ ಇದೆ ಎಂದು ರೈತ ನಂಬಿ ಸಂತೆಗೆ ದನ ಹೊಡೆದರೆ, ಅದು ಲಸಿಕೆ ಹಾಕದಿರುವುದಕ್ಕಿಂತ ಕೆಟ್ಟದ್ದು.

ಆ ಹೊತ್ತಿಗೆ ಕೊಟ್ಟಿಗೆಯೂ ಬದಲಾಗಿತ್ತು. 1970ರ ದಶಕದಿಂದ ಹಳ್ಳಿಹಳ್ಳಿಗೆ ಡೈರಿ ಬಂತು. ಹಳ್ಳಿಕಾರ್ ಎತ್ತು ಇದ್ದ ಜಾಗದಲ್ಲಿ ಸೀಮೆಹಸು ನಿಂತಿತು. ತೆಂಗಿನ ಬೆಲೆ ಬಿದ್ದ ವರ್ಷ ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆಯೇ ಮನೆ ನಡೆಸಿತು. ನಾಟಿ ದನ ಕಾಲುಬಾಯಿಯನ್ನು ಹೇಗೋ ತಡೆದುಕೊಳ್ಳುತ್ತದೆ, ಸೀಮೆಹಸು ತಡೆಯುವುದಿಲ್ಲ. ಲಸಿಕೆಗೆ ಬೇಡಿಕೆ ಏರಿತು, ಜೊತೆಗೆ ಭಯವೂ ಬಂತು. ‘ಏನ್ ಡಾಕ್ಟ್ರೇ, ಆರು ತಿಂಗಳಾಗಿಲ್ಲ, ಮತ್ತೆ ಸೂಜಿ ತಂದ್ರಾ? ಚುಚ್ಚಿದ್ ಮೂರ್ ದಿನ ಹಾಲ್ ಕಮ್ಮಿ ಆಗುತ್ತಲ್ಲಪ್ಪ, ಆ ದುಡ್ಡು ಯಾರ್ ಕೊಡ್ತಾರೆ?’ ಎಂದು ಕೇಳಿದ ಅಜ್ಜಿಯರು ಎಷ್ಟೋ. ಅವರ ಲೆಕ್ಕ ಸುಳ್ಳಲ್ಲ, ಎರಡು ಮೂರು ದಿನ ಹಾಲು ಇಳಿಯುತ್ತದೆ. ‘ಅವ್ವ, ಕಾಲುಬಾಯಿ ಬಂದ್ರೆ ಆ ಸೂಲು ಪೂರ್ತಿ ಹಾಲಿರಲ್ಲ’ ಎಂದು ಹೇಳಿ ಹಗ್ಗ ಹಿಡಿಯುತ್ತಿದ್ದೆ.

ಆರು ತಿಂಗಳಿಗೊಮ್ಮೆ ಯಾಕೆ ಎನ್ನುವುದಕ್ಕೆ ಎರಡು ಕಾರಣ. ಕೊಂದ ಕಣದಿಂದ ಹುಟ್ಟುವ ರಕ್ಷಣೆ ಬಹಳ ದಿನ ನಿಲ್ಲುವುದಿಲ್ಲ. ಜೊತೆಗೆ ವೈರಸ್ಸು ತನ್ನ ಹೊರಮೈಯನ್ನು ಸದಾ ತಿದ್ದಿಕೊಳ್ಳುತ್ತಲೇ ಇರುತ್ತದೆ. ಲೋಕದಲ್ಲಿ ಇದರ ಏಳು ಬಗೆಗಳಿವೆ. ಒಂದರ ಲಸಿಕೆ ಇನ್ನೊಂದಕ್ಕೆ ನಡೆಯುವುದಿಲ್ಲ. ಸಿ ಎಂಬ ಬಗೆ ಭಾರತದಲ್ಲಿ 1995ರ ನಂತರ ಕಂಡಿಲ್ಲ. ಒಂದೇ ಬಗೆಯೊಳಗೂ ಕವಲುಗಳು. 2000ದ ದಶಕದ ಮೊದಲ ವರ್ಷಗಳಲ್ಲಿ ಎ ಬಗೆಯ ಒಂದು ಕವಲು ವಿಪಿ3 ಪ್ರೋಟೀನಿನ 59ನೆಯ ಜಾಗದ ಒಂದೇ ಒಂದು ಕೊಂಡಿಯನ್ನು ಕಳಚಿಕೊಂಡು ದೇಶದಲ್ಲಿ ಹರಡಿತು. ಕವಚದ ಮೈಮೇಲೆ ಅಷ್ಟು ಸಣ್ಣ ಬದಲಾವಣೆ. ಹಳೆಯ ಲಸಿಕೆ ಕೊಟ್ಟ ಪ್ರತಿಕಾಯಕ್ಕೆ ಅದು ಸರಿಯಾಗಿ ಸಿಗಲಿಲ್ಲ. ಎ ಬಗೆಯ ಲಸಿಕಾ ತಳಿಯನ್ನೇ ಬದಲಾಯಿಸಿ 2000ದ ತಳಿ ತಂದರು. ಓ ಬಗೆಗೆ 1975ರ ತಳಿಯನ್ನೇ ದೀರ್ಘಕಾಲ ಬಳಸಿದರು.

2013ರ ವರ್ಷವನ್ನು ನಮ್ಮ ಕಡೆಯ ಯಾವ ಹಾಲು ಹಾಕುವವರೂ ಮರೆಯರು. ಮಳೆಗಾಲ ಮುಗಿಯುವ ಹೊತ್ತಿಗೆ ದಕ್ಷಿಣ ಕರ್ನಾಟಕದ ಉದ್ದಕ್ಕೂ ಕಾಲುಬಾಯಿ ಹಬ್ಬಿ ಸಾವಿರಾರು ದನ ಸತ್ತವು. ಓ ಬಗೆಯ, ಇಂಡ್ 2001 ಎಂದು ಹೆಸರಾದ ಕವಲು ಅದು. ದನದ ಸಂತೆ, ಜಾತ್ರೆ ನಿಲ್ಲಿಸಿದರು. ಡೈರಿಯ ಕ್ಯಾನುಗಳು ಅರ್ಧಕ್ಕೆ ಬಂದವು. ತೋಟದ ಮೂಲೆಯಲ್ಲಿ ಜೆಸಿಬಿ ಕರೆಸಿ ಗುಂಡಿ ತೋಡಿ, ಸುಣ್ಣ ಹಾಕಿ ಹಸು ಹೂಳಿದ ಮನೆಗಳ ಮುಂದೆ ನಿಂತು ಮಾತು ಹೊರಡದೆ ವಾಪಸು ಬಂದಿದ್ದೇನೆ. ಬ್ಯಾಂಕಿನ ಸಾಲದ ಹಸು ಅದು. ಕಂತು ತೀರುವ ಮುಂಚೆ ಮಣ್ಣಾಯಿತು.

ಅದೇ 2013ರಲ್ಲಿ ಎರಡು ಪ್ರಯೋಗಶಾಲೆಯ ಸುದ್ದಿಗಳು ಬಂದವು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು ಅದು. ಒಂದು, ಇಂಗ್ಲೆಂಡಿನ ಪಿರ್‌ಬ್ರೈಟ್, ಆಕ್ಸ್‌ಫರ್ಡ್, ರೆಡಿಂಗ್ ವಿಜ್ಞಾನಿಗಳದ್ದು. 1989ರ ನಕ್ಷೆಯನ್ನು ಮುಂದಿಟ್ಟುಕೊಂಡು, ಫಲಕ ಫಲಕ ಕೂಡುವ ಗೆರೆಯಲ್ಲಿ ವಿಪಿ2 ಪ್ರೋಟೀನಿನ 93ನೆಯ ಕೊಂಡಿಯನ್ನು ಅವರು ಬದಲಾಯಿಸಿದರು. ಅಕ್ಕಪಕ್ಕದ ಎರಡು ಫಲಕಗಳ ನಡುವೆ ಗಂಧಕದ ಬಿಗಿ ಬೆಸುಗೆ ಬಿತ್ತು. ಹೀಗೆ ಕಟ್ಟಿದ ಕವಚದೊಳಗೆ ಆರ್‌ಎನ್‌ಎ ಇಲ್ಲ, ಬರೀ ಖಾಲಿ ಗೋಳ. ರೋಗ ತರಲಾರದು, ಬಿಸಿಗೂ ಹುಳಿಗೂ ಬೇಗ ಬಿಚ್ಚಿಕೊಳ್ಳದು. ಖಾಲಿ ಕವಚಗಳನ್ನು ಹಸುಗಳಿಗೆ ಕೊಟ್ಟು, ತಿಂಗಳುಗಳ ನಂತರ ರೋಗ ತಗುಲಿಸಿ ನೋಡಿದಾಗ ರಕ್ಷಣೆ ಉಳಿದಿತ್ತು. 2015ರಲ್ಲಿ ಅದೇ ಜಾಗವನ್ನು ಬೇರೆ ರೀತಿ ತಿದ್ದಿ, ನಮ್ಮನ್ನು ಕಾಡುವ ಓ ಬಗೆಯ ಕವಚವನ್ನೂ ಗಟ್ಟಿಮಾಡಿದರು.

ಇನ್ನೊಂದು ಸುದ್ದಿ ಮನುಷ್ಯರದ್ದು. ಎಳೆಕೂಸುಗಳ ಶ್ವಾಸಕೋಶ ಹಿಡಿಯುವ ಆರ್‌ಎಸ್‌ವಿ ಎಂಬ ವೈರಸ್ಸಿಗೆ 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಲಿನ್‌ನಿಂದ ಕೊಂದ ಲಸಿಕೆ ಮಾಡಿ ಮಕ್ಕಳಿಗೆ ಕೊಟ್ಟಿದ್ದರು. ರಕ್ಷಣೆಯ ಬದಲು ರೋಗ ಉಲ್ಬಣಿಸಿತು, ಎರಡು ಕೂಸುಗಳು ತೀರಿಕೊಂಡವು. ಆ ವೈರಸ್ಸಿನ ಒಳನುಗ್ಗುವ ಪ್ರೋಟೀನು ದೊಡ್ಡರೋಗದ ವೈರಸ್ಸಿನದ್ದರ ಜಾತಿಯದ್ದೇ. ಮೊದಲು ಅದು ಮಡಚಿಕೊಂಡು ಕುಳ್ಳಗೆ ಕಾದಿರುತ್ತದೆ; ಜೀವಕೋಶ ಸಿಕ್ಕೊಡನೆ ಬಿಚ್ಚಿ, ಉದ್ದವಾಗಿ, ಮತ್ತೆ ಹಿಂದಕ್ಕೆ ಮಡಚಿಕೊಂಡು ಎರಡರ ಪೊರೆಯನ್ನೂ ಒಂದು ಮಾಡುತ್ತದೆ. ಒಮ್ಮೆ ಬಿಚ್ಚಿದ್ದು ಹಳೆಯ ಆಕಾರಕ್ಕೆ ಬಾರದು. ಕೊಂದ ಲಸಿಕೆಯಲ್ಲಿ ಇದ್ದದ್ದು ಬಹುಪಾಲು ಬಿಚ್ಚಿ ಮುಗಿದ ಆಕಾರ. 2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಸಂಗಡಿಗರು ಆ ಪ್ರೋಟೀನನ್ನು ಬಿಚ್ಚುವ ಮುಂಚಿನ ಆಕಾರದಲ್ಲೇ ಹಿಡಿದು ನಿಲ್ಲಿಸಿದರು. ಹತ್ತು ವರ್ಷಕ್ಕೆ, 2023ರಲ್ಲಿ, ಅದರಿಂದ ಲಸಿಕೆಗಳು ಬಂದವು. ಕೋವಿಡ್ ಬಂದಾಗ ಅದೇ ಕೈಗಳಿಗೆ ಕೆಲಸ ಗೊತ್ತಿತ್ತು. ವೈರಸ್ಸಿನ ಹೊರಮೈಯ ಮುಳ್ಳಿನಂಥ ಪ್ರೋಟೀನಿನ 986, 987ನೆಯ ಜಾಗಗಳಲ್ಲಿ ಪ್ರೋಲೀನ್ ಎಂಬ ಬಗ್ಗದ ಕೊಂಡಿ ಸೇರಿಸಿ, ಅದು ಬಿಚ್ಚದಂತೆ ಮಾಡಿದರು. ಫೈಜರ್, ಮಾಡರ್ನಾ ಲಸಿಕೆಗಳಲ್ಲಿ ಇರುವುದು ಆ ತಿದ್ದಿದ ಮುಳ್ಳಿನ ಬರಹ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಹಾಕಿದ ಕೋವಿಶೀಲ್ಡ್‌ನಲ್ಲಿ ಆ ತಿದ್ದುಪಡಿ ಇರಲಿಲ್ಲ, ಆದರೂ ಅದು ಜೀವ ಉಳಿಸಿತು. 2021ರಲ್ಲಿ ಆರೋಗ್ಯ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತಾಗ, ಒಳಗಿದ್ದ ನೀಲಿ ಐಸ್ ಡಬ್ಬಿಯ ಮೇಲೇ ನನ್ನ ಕಣ್ಣು.

ಬೆಂಗಳೂರಿನಲ್ಲಿ ರಾಘವನ್ ವರದರಾಜನ್ ಅವರ ತಂಡ ವಿಜ್ಞಾನ ಸಂಸ್ಥೆಯಲ್ಲೂ, ಅಲ್ಲಿಂದ ಹುಟ್ಟಿದ ಮಿನ್‌ವ್ಯಾಕ್ಸ್ ಕಂಪನಿಯಲ್ಲೂ ಹಿಡಿದದ್ದು ಇದೇ ದಾರಿ. ಕೋವಿಡ್ ಮುಳ್ಳಿನ ತುದಿಯ ಭಾಗವನ್ನು ಅವರು ಎಷ್ಟು ಗಟ್ಟಿಮಾಡಿದರೆಂದರೆ, ಒಣಗಿಸಿದ ಪುಡಿ 37 ಡಿಗ್ರಿಯಲ್ಲಿ ಒಂದು ತಿಂಗಳು ಕೆಡಲಿಲ್ಲ, ಸುಮಾರು ನೂರು ಡಿಗ್ರಿಯ ಬಿಸಿಯನ್ನೂ ಒಂದೂವರೆ ಗಂಟೆ ತಡೆಯಿತು. ಒದ್ದೆ ಗೋಣಿ ಹೊದಿಸಿ ಕಾದು ಕೂತವರಿಗೆ ಆ 37 ಎಂಬ ಅಂಕಿಯ ಬೆಲೆ ಗೊತ್ತು. ಆಕಾರವನ್ನು ಹಿಡಿದು ನಿಲ್ಲಿಸುವ ಈ ವಿದ್ಯೆಯ ಹೆಸರು ಪತ್ರಿಕೆಗಳಲ್ಲಿ ಮನುಷ್ಯರ ಲಸಿಕೆಯ ಜೊತೆಗೇ ಬರುತ್ತದೆ. ಆಕಾರ ಕೆಟ್ಟರೆ ಲಸಿಕೆ ಕೆಟ್ಟಿತು ಎನ್ನುವುದನ್ನು 1980ರಷ್ಟು ಹಿಂದೆಯೇ ಅಳೆದು ತೋರಿಸಿದವರು ದನದ ರೋಗದ ವಿಜ್ಞಾನಿಗಳು. ಅವರ ಹೆಸರೂ ಅಲ್ಲಿ ಬರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

2019ರಿಂದ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಲಸಿಕೆ ರೈತರಿಗೆ ಪುಕ್ಕಟೆ. ನಾಲ್ಕು ತಿಂಗಳು ದಾಟಿದ ಕರುವಿನಿಂದ ಹಿಡಿದು ಎಲ್ಲ ದನ ಎಮ್ಮೆಗೂ ಆರು ತಿಂಗಳಿಗೊಮ್ಮೆ. ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ಈಗಿನ ಹುಡುಗರು ಬೈಕಿನಲ್ಲಿ ಹೋಗುತ್ತಾರೆ, ಮೊಬೈಲಿನಲ್ಲಿ ಲೆಕ್ಕ ತುಂಬುತ್ತಾರೆ, ಡಬ್ಬಿಯೊಳಗೆ ಜೆಲ್ ಪ್ಯಾಕ್ ಇಡುತ್ತಾರೆ. ಲಸಿಕೆ ಮಾತ್ರ ಇನ್ನೂ 2ರಿಂದ 8 ಡಿಗ್ರಿಯದ್ದೇ. ಸುತ್ತಿನ ದಿನ ದನವನ್ನು ಮೇಯಲು ಬಿಡದೆ ಬೆಳಿಗ್ಗೆಯೇ ಕಟ್ಟಿಹಾಕಿದರೆ ಡಬ್ಬಿ ಬಿಸಿಲಲ್ಲಿ ಕಾಯಬೇಕಾಗಿಲ್ಲ. ನಿವೃತ್ತನಾದ ಮೇಲೂ ಊರಿನಲ್ಲಿ ಇದೊಂದನ್ನು ನಾನು ಮನೆಮನೆಗೆ ಹೇಳುತ್ತೇನೆ.

ಕುರಿ ಮೇಕೆಯವರಿಗೆ ಹೇಳುವುದು ಇನ್ನೊಂದಿದೆ. ಕುರಿ ಮೇಕೆಗಳಲ್ಲಿ ಮೂಗು ಸೋರಿ, ಬಾಯಿ ಹುಣ್ಣಾಗಿ, ಬೇಧಿಯಾಗಿ ಸಾಯುವ ಹಿರೇಬೇನೆ, ಅಂದರೆ ಪಿಪಿಆರ್, ಅಳಿದುಹೋದ ದೊಡ್ಡರೋಗದ ಹತ್ತಿರದ ನೆಂಟ. ಹೊರಮೈಯಲ್ಲಿ ಅದೇ ಎರಡು ಜಾತಿಯ ಪ್ರೋಟೀನು, ಲೋಕಕ್ಕೆಲ್ಲ ಒಂದೇ ಬಗೆ. ಅಂದರೆ ಒಂದೇ ಲಸಿಕೆ ಎಲ್ಲ ಕಡೆಗೂ ಸಾಕು. ಮುಕ್ತೇಶ್ವರದಲ್ಲಿ ತಯಾರಾದ ಸುಂಗ್ರಿ 96 ತಳಿಯ ಲಸಿಕೆ ನಮ್ಮಲ್ಲಿದೆ, ಒಮ್ಮೆ ಹಾಕಿದರೆ ವರ್ಷಗಳ ರಕ್ಷಣೆ. 2030ರೊಳಗೆ ಇದನ್ನು ಭೂಮಿಯಿಂದ ತೊಲಗಿಸಬೇಕೆಂದು ದೇಶಗಳು ಗುರಿ ಇಟ್ಟುಕೊಂಡಿವೆ. ದೊಡ್ಡರೋಗ ಹೋದ ದಾರಿ ಇದಕ್ಕೂ ತೆರೆದಿದೆ. ತೋಟಗಳಲ್ಲಿ ಮಂದೆ ತರುಬಲು ಬರುವ ಕುರಿಗಾಹಿಗಳು ಒಂದೇ ಊರಿನಲ್ಲಿ ನಿಲ್ಲುವವರಲ್ಲ, ಲಸಿಕೆಯ ಪಟ್ಟಿಯಲ್ಲಿ ತಪ್ಪಿಹೋಗುವವರು ಅವರೇ. ಮಂದೆ ತರುಬಿಸಿಕೊಳ್ಳುವ ತೋಟದವರು ಒಂದು ಮಾತು ಆಸ್ಪತ್ರೆಗೆ ತಿಳಿಸಿದರೆ, ಡಬ್ಬಿ ಹಿಡಿದು ಹುಡುಗರು ತೋಟಕ್ಕೇ ಬರುತ್ತಾರೆ.